ಕಾಸರಗೋಡಿನ ಕಡಲತಳದ ನಕ್ಷೆ: ಅಳೆದದ್ದೆಷ್ಟು, ಊಹಿಸಿದ್ದೆಷ್ಟು

ಮಂಜೇಶ್ವರದ ಬಂದರಿನಿಂದ ನೇರ ಪಡುವಣಕ್ಕೆ ಹೊರಟ ದೋಣಿಯ ಅಡಿಯಲ್ಲಿ ನೆಲ ಹೇಗಿದೆ ಎಂದು ತಿಳಿಯಲು ಇಂದು ಹಡಗು ಬೇಕಿಲ್ಲ. ಶಾಲೆಯ ಲ್ಯಾಪ್‌ಟಾಪ್, ಅರ್ಧ ಎಂಬಿಯ ಒಂದು ಕಡತ ಮತ್ತು ಒಂದು ಮಧ್ಯಾಹ್ನ ಇದ್ದರೆ ನಕ್ಷೆ ತಯಾರಾಗುತ್ತದೆ. ಅದನ್ನು ಮಾಡುವ ಕ್ರಮ ಇಲ್ಲಿದೆ. ಬಣ್ಣದ ನಕ್ಷೆ ಬಿಡಿಸುವುದು ಕೆಲಸದ ಸುಲಭದ ಅರ್ಧ ಮಾತ್ರ. ನಕ್ಷೆಯ ಯಾವ ಚೌಕದ ಆಳವನ್ನು ನಿಜವಾಗಿ ಅಳೆದಿದ್ದಾರೆ, ಯಾವುದನ್ನು ಲೆಕ್ಕ ಹಾಕಿ ತುಂಬಿದ್ದಾರೆ ಎಂದು ಗುರುತಿಸುವುದೇ ಮುಖ್ಯ ಕೆಲಸ. ಅದನ್ನು ಮಾಡದೆ ನಕ್ಷೆಯನ್ನು ಗೋಡೆಗೆ ಹಚ್ಚಬೇಡಿ.

ಆ ಕಡತ ಬರುವುದು ಲೋಕದ ಕಡಲತಳದ ಆಳವನ್ನೆಲ್ಲ ಒಟ್ಟುಗೂಡಿಸಿದ ದತ್ತಾಂಶದಿಂದ, ಅದರ ಹೆಸರು ಗೆಬ್ಕೊ. ಮೊನಾಕೊದ ರಾಜ ಒಂದನೇ ಆಲ್ಬರ್ಟ್ 1903ರಲ್ಲಿ ಶುರುಮಾಡಿಸಿದ ಕೆಲಸ ಇದು. ಮೊದಲ ಆವೃತ್ತಿ 24 ಹಾಳೆಗಳಲ್ಲಿ ಬಂತು. ಇಂದು ಅಂತರರಾಷ್ಟ್ರೀಯ ಜಲಮಾಪನ ಸಂಸ್ಥೆ ಮತ್ತು ಯುನೆಸ್ಕೋದ ಅಂತರಸರ್ಕಾರಿ ಸಾಗರ ಆಯೋಗ ಸೇರಿ ಇದನ್ನು ನಡೆಸುತ್ತವೆ. ಹಡಗುಗಳು ಕಳಿಸಿದ ಆಳದ ಲೆಕ್ಕ ಅಮೆರಿಕದ ಬೋಲ್ಡರ್ ನಗರದ ದತ್ತಾಂಶ ಕೇಂದ್ರದಲ್ಲಿ ಸಂಗ್ರಹವಾಗುತ್ತದೆ. 2017ರಲ್ಲಿ ಆರಂಭವಾದ ಸೀಬೆಡ್ 2030 ಯೋಜನೆ ಕಡಲುಗಳನ್ನು ನಾಲ್ಕು ಪ್ರಾದೇಶಿಕ ಕೇಂದ್ರಗಳಿಗೆ ಹಂಚಿದೆ. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರದ ಪಾಲು ನ್ಯೂಯಾರ್ಕ್ ರಾಜ್ಯದ ಲಮಾಂಟ್-ಡೊಹರ್ಟಿ ವೀಕ್ಷಣಾಲಯದ್ದು, ಎಂದರೆ ಉಪ್ಪಳದ ಎದುರಿನ ಕಡಲಿನ ಲೆಕ್ಕ ಜೋಡಿಸುವವರು ಅಲ್ಲಿದ್ದಾರೆ. ಯೋಜನೆ ಶುರುವಾದಾಗ ಲೋಕದ ಕಡಲತಳದಲ್ಲಿ ಆಧುನಿಕ ಮಟ್ಟಕ್ಕೆ ಅಳೆದದ್ದು ನೂರಕ್ಕೆ 6 ಪಾಲು. 2025ರ ಜೂನ್‌ನಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅದು 27.3. ಉಳಿದ ಮುಕ್ಕಾಲು ಭಾಗಕ್ಕೂ ನಕ್ಷೆಯಲ್ಲಿ ಬಣ್ಣ ಇದ್ದೇ ಇದೆ ಎನ್ನುವುದನ್ನು ಮರೆಯಬೇಡಿ.

ಕಡತ ಇಳಿಸಿಕೊಳ್ಳುವುದು

ಗೆಬ್ಕೊ ಗ್ರಿಡ್, ಎಂದರೆ ಆಳ ತುಂಬಿದ ಚೌಕಗಳ ಜಾಲ, 15 ಸೆಕೆಂಡಿನ (ಡಿಗ್ರಿಯ 3600ನೇ ಒಂದು ಪಾಲು ಒಂದು ಸೆಕೆಂಡು) ಚೌಕಗಳದ್ದು. ಒಂದು ಡಿಗ್ರಿಗೆ 240 ಚೌಕ. ಇಡೀ ಭೂಮಿಗೆ 43,200 ಸಾಲು, 86,400 ಕಲಂ. ಅಷ್ಟನ್ನೂ ಇಳಿಸಿದರೆ ಏಳು ಜಿಬಿ ದಾಟುತ್ತದೆ, ಶಾಲೆಯ ಇಂಟರ್ನೆಟ್ ಅರ್ಧದಲ್ಲೇ ಕಡಿಯುತ್ತದೆ. ನಮಗೆ ಬೇಕಾದ ಕಿಟಕಿ ಸಾಕು.

ಗೆಬ್ಕೊ ಜಾಲತಾಣದ ಡೌನ್‌ಲೋಡ್ ಪುಟದಲ್ಲಿ ಈ ಗಡಿಗಳನ್ನು ತುಂಬಿ: ಉತ್ತರ 13.0, ದಕ್ಷಿಣ 11.5, ಪಶ್ಚಿಮ 72.0, ಪೂರ್ವ 75.25. ಇದರೊಳಗೆ ತಲಪಾಡಿಯಿಂದ ತೃಕ್ಕರಿಪುರದವರೆಗಿನ ಇಡೀ ಕರಾವಳಿ, ಅದರ ಎದುರಿನ ಕಡಲು, ಲಕ್ಷದ್ವೀಪದ ಚೆತ್ಲಾತ್ ದ್ವೀಪ ಎಲ್ಲವೂ ಬರುತ್ತವೆ. 360 ಸಾಲು, 780 ಕಲಂ, ಒಟ್ಟು 2,80,800 ಚೌಕ. ಪಶ್ಚಿಮದ ಗಡಿಯನ್ನು 72ಕ್ಕೇ ನಿಲ್ಲಿಸಿದ್ದಕ್ಕೆ ಕಾರಣವಿದೆ. ಮುಂದೆ ಬಳಸುವ ಯುಟಿಎಂ (ಡಿಗ್ರಿಯ ಬದಲು ಮೀಟರಿನಲ್ಲಿ ಜಾಗ ಗುರುತಿಸುವ ಕ್ರಮ) 43 ಉತ್ತರ ವಲಯ 72ರಿಂದ 78 ಡಿಗ್ರಿಯವರೆಗಿನದು.

ಎರಡು ಕಡತ ಆರಿಸಿ. ಒಂದು ಆಳದ ಗ್ರಿಡ್, ಇನ್ನೊಂದು ಟಿಐಡಿ ಗ್ರಿಡ್, ಎಂದರೆ ಪ್ರತಿ ಚೌಕದ ಆಳ ಯಾವ ವಿಧಾನದಿಂದ ಬಂತೆಂದು ಹೇಳುವ ಸಂಖ್ಯೆಗಳ ಕಡತ. ಬಹಳ ಮಂದಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಈ ಬರಹದ ಅರ್ಧ ಅದರ ಮೇಲೆಯೇ ನಿಂತಿದೆ, ಆದ್ದರಿಂದ ಬಿಡಬೇಡಿ. ಎರಡೂ ಒಂದೇ ವರ್ಷದ ಆವೃತ್ತಿಯಾಗಿರಲಿ. ಗ್ರಿಡ್ ವರ್ಷ ವರ್ಷ ಬದಲಾಗುವುದರಿಂದ 2024ರ ಆಳಕ್ಕೆ 2025ರ ಟಿಐಡಿ ಜೋಡಿಸಿದರೆ ಲೆಕ್ಕ ತಪ್ಪುತ್ತದೆ. ಕಡತದ ರೂಪ ಜಿಯೋಟಿಫ್ ಆಗಿರಲಿ. ಮಂಜಿನ ಮೇಲ್ಮೈ, ಮಂಜಿನ ಅಡಿ ಎಂಬ ಎರಡು ಆಯ್ಕೆ ಕಾಣಿಸಬಹುದು. ಅದು ಗ್ರೀನ್‌ಲೆಂಡ್, ಅಂಟಾರ್ಕ್ಟಿಕಾಗಳಿಗೆ ಸಂಬಂಧಿಸಿದ್ದು, ನಮಗೆ ಯಾವುದಾದರೂ ಒಂದೇ.

ನಕ್ಷೆ ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್, ಉಚಿತ. ಕೇರಳದ ಹೈಸ್ಕೂಲಿನ ಐಸಿಟಿ ಪಾಠದಲ್ಲಿ ಓದಿದ ಕನ್ನಡ ಮಾಧ್ಯಮದ ಮಕ್ಕಳಿಗೂ ಇದರ ಹೆಸರು ಗೊತ್ತು. ಪ್ರೊಫೈಲ್ (ಅಡ್ಡಕೊಯ್ತ) ತೆಗೆಯುವ ಸಾಧನ ಒಳಗೇ ಇರಬೇಕಾದರೆ 3.26 ಅಥವಾ ಅದರ ನಂತರದ ಆವೃತ್ತಿ ಬೇಕು.

ತೆರೆದೊಡನೆ ನೋಡಬೇಕಾದ್ದು

ಎರಡೂ ಕಡತಗಳನ್ನು ಎಳೆದು ಹಾಕಿ. ಐಡೆಂಟಿಫೈ ಗುಂಡಿ ಒತ್ತಿ ಮೂರು ಕಡೆ ಕ್ಲಿಕ್ ಮಾಡಿ: ಕಾಸರಗೋಡು ಪಟ್ಟಣದ ಪೂರ್ವದ ಗುಡ್ಡ, ಕರೆಯಿಂದ ಹತ್ತು ಕಿಲೋಮೀಟರ್ ಆಚೆಯ ಕಡಲು, ಚಿತ್ರದ ಪಡುಅಂಚು. ನೆಲದಲ್ಲಿ ಧನ ಸಂಖ್ಯೆ, ನೀರಿನಲ್ಲಿ ಋಣ ಸಂಖ್ಯೆ ಬರಬೇಕು. ಪಡುವಣಕ್ಕೆ ಹೋದಂತೆ ಋಣ ಸಂಖ್ಯೆ ದೊಡ್ಡದಾಗಬೇಕು. ಕಡಲಲ್ಲಿ ಧನ ಸಂಖ್ಯೆ ಬಂದರೆ ನೀವು ಆರಿಸಿದ್ದು ಬೇರೆ ಪದರ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ಆಳ ಯಾವಾಗಲೂ ಇಡೀ ಮೀಟರಿನಲ್ಲಿದೆ, ದಶಮಾಂಶವಿಲ್ಲ. ಆಳಸಮುದ್ರದಲ್ಲಿ ಇದು ಲೆಕ್ಕಕ್ಕಿಲ್ಲ. ನಮ್ಮ ಕರಾವಳಿಯ ಎದುರಿನ ಖಂಡದ ಅಂಚು (ಕರೆಯಿಂದಾಚೆ ಕಡಲಡಿಯಲ್ಲಿ ಮುಂದುವರಿದ, ಆಳ ಕಡಿಮೆಯ ನೆಲ) ಮಾತ್ರ ಹಲಗೆಯಂತೆ ಚಪ್ಪಟೆ, ಅಲ್ಲಿ ಒಂದು ಮೀಟರ್ ಇಳಿಯಲು ಹಲವು ಚೌಕ ದಾಟಬೇಕು. ಅದರಿಂದ ನೆರಳು ಕೊಟ್ಟು ನೋಡುವಾಗ ಕರೆಗೆ ಸಮಾನಾಂತರವಾಗಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಾಣುತ್ತದೆ. ಅದು ಹಳೆಯ ಕಡಲ ತೀರವಲ್ಲ, ಸಂಖ್ಯೆಯನ್ನು ಮೊಟಕುಗೊಳಿಸಿದ್ದರ ಗುರುತು.

ಮರುಪ್ರಕ್ಷೇಪ: ಎರಡು ಕಡತಕ್ಕೆ ಎರಡು ನಿಯಮ

ಕಡತ ಬರುವುದು ಡಿಗ್ರಿಯಲ್ಲಿ, ಆಳ ಇರುವುದು ಮೀಟರಿನಲ್ಲಿ. ಹಾಗೇ ನೆರಳು ಲೆಕ್ಕ ಹಾಕಿದರೆ ಒಂದು ಡಿಗ್ರಿಯನ್ನು ಒಂದು ಮೀಟರ್ ಎಂದುಕೊಂಡು ಇಡೀ ಚಿತ್ರ ಕಪ್ಪು-ಬಿಳಿ ಕಲಸಾಗುತ್ತದೆ. ರಾಸ್ಟರ್ ಮೆನುವಿನಲ್ಲಿ ವಾರ್ಪ್ ತೆರೆದು ಗುರಿಯಾಗಿ ಇಪಿಎಸ್‌ಜಿ 32643 (ಮೇಲೆ ಹೇಳಿದ ಯುಟಿಎಂ ವಲಯದ ಸಂಖ್ಯೆ) ಕೊಡಿ. ಚೌಕದ ಅಳತೆ 450 ಮೀಟರ್. ನಮ್ಮ ಅಕ್ಷಾಂಶದಲ್ಲಿ ಮೂಲ ಚೌಕ ಉತ್ತರ-ದಕ್ಷಿಣಕ್ಕೆ ಸುಮಾರು 460, ಪೂರ್ವ-ಪಶ್ಚಿಮಕ್ಕೆ ಸುಮಾರು 450 ಮೀಟರ್ ಇರುತ್ತದೆ. 50 ಮೀಟರ್ ಎಂದು ಕೊಟ್ಟರೆ ಚಿತ್ರ ನುಣುಪಾಗುತ್ತದೆ, ಮಾಹಿತಿ ಒಂದು ಕೂದಲಿನಷ್ಟೂ ಹೆಚ್ಚುವುದಿಲ್ಲ. ನೋಡಿದವರು ಮಾತ್ರ ಇಷ್ಟು ಸೂಕ್ಷ್ಮವಾಗಿ ಅಳೆದಿದ್ದಾರೆಂದು ನಂಬುತ್ತಾರೆ. ಅದು ಮೋಸ.

ಮರುಮಾದರಿಯ ವಿಧಾನದಲ್ಲಿ ಆಳದ ಕಡತಕ್ಕೆ ಬೈಲೀನಿಯರ್ (ಅಕ್ಕಪಕ್ಕದ ಚೌಕಗಳ ಸರಾಸರಿ), ಟಿಐಡಿಗೆ ನಿಯರೆಸ್ಟ್ ನೇಬರ್ (ಹತ್ತಿರದ ಚೌಕದ ಸಂಖ್ಯೆ ಹಾಗೇ). ಅದಲು ಬದಲಾದರೆ ಕೆಲಸ ಕೆಡುತ್ತದೆ. ಟಿಐಡಿಯ ಸಂಖ್ಯೆಗಳು ಅಳತೆಯಲ್ಲ, ಹೆಸರುಗಳು. 11 ಎಂದರೆ ಬಹುಕಿರಣ ಸೋನಾರ್ (ಶಬ್ದ ಕಳಿಸಿ ಆಳ ಅಳೆಯುವ ಯಂತ್ರ), 41 ಎಂದರೆ ಕಂಪ್ಯೂಟರ್ ತುಂಬಿದ್ದು. ಬೈಲೀನಿಯರ್ ಇವೆರಡರ ನಡುವೆ ಸರಾಸರಿ ತೆಗೆದು 26 ಎಂದು ಬರೆಯುತ್ತದೆ. 26 ಎಂಬ ವಿಧಾನವೇ ಪಟ್ಟಿಯಲ್ಲಿ ಇಲ್ಲ. ನಿಮ್ಮ ಟಿಐಡಿ ಪದರದಲ್ಲಿ 26, 33 ಎಂಬಂಥ ಸಂಖ್ಯೆ ಕಂಡರೆ ತಪ್ಪಾದದ್ದು ಇಲ್ಲೇ. ಅಳಿಸಿ ಮತ್ತೆ ಮಾಡಿ.

ಸಮಾಳ ಗೆರೆ, ನೆರಳು, ಅಡ್ಡಕೊಯ್ತ

ರಾಸ್ಟರ್ ಮೆನುವಿನ ಎಕ್ಸ್‌ಟ್ರಾಕ್ಷನ್‌ನಲ್ಲಿ ಕಾಂಟೂರ್, ಎಂದರೆ ಒಂದೇ ಆಳದ ಜಾಗಗಳನ್ನು ಸೇರಿಸುವ ಸಮಾಳ ಗೆರೆ. ಅಂತರ 10 ಮೀಟರ್. ಬಂದ ಗೆರೆಗಳಲ್ಲಿ 10, 20, 30, 50, 100, 200, 500, 1000 ಮೀಟರಿನವನ್ನು ಮಾತ್ರ ಫಿಲ್ಟರ್ ಮಾಡಿ ಉಳಿಸಿ. ಸಂಖ್ಯೆಗಳ ಮುಂದೆ ಋಣ ಚಿಹ್ನೆ ಹಾಕಲು ಮರೆತರೆ ಪದರ ಖಾಲಿಯಾಗುತ್ತದೆ, ಇಲ್ಲವೇ ನೆಲದ ಗುಡ್ಡಗಳ ಗೆರೆ ಬರುತ್ತದೆ. 5 ಮೀಟರಿನ ಅಂತರಕ್ಕೆ ಆಸೆಪಡಬೇಡಿ, ಇಡೀ ಮೀಟರಿನ ದತ್ತಾಂಶ ಅದನ್ನು ಹೊರಲಾರದು. ದೋಣಿಯವರಿಗೆ ತೋರಿಸುವ ನಕ್ಷೆಯಾದರೆ ಪಕ್ಕದಲ್ಲಿ ಮಾರಿನ ಲೆಕ್ಕವೂ ಇರಲಿ. ಒಂದು ಮಾರು ಆರು ಅಡಿ, ಸುಮಾರು 1.83 ಮೀಟರ್. 20 ಮೀಟರಿನ ಗೆರೆ ಎಂದರೆ ಹನ್ನೊಂದು ಮಾರು.

ನೆರಳಿಗೆ ಹಿಲ್‌ಶೇಡ್. ಝಡ್ ಫ್ಯಾಕ್ಟರ್ (ಏರಿಳಿತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಸಂಖ್ಯೆ) 15ರಿಂದ ಶುರುಮಾಡಿ. 1 ಇಟ್ಟರೆ ಹಾಳೆ ಬೂದು ಬಣ್ಣ ಬಿಟ್ಟು ಏನೂ ಕಾಣದು, ನಮ್ಮ ತಳ ಅಷ್ಟು ಚಪ್ಪಟೆ.

ಅಡ್ಡಕೊಯ್ತ ಮಾಡಲು ಆಳದ ಪದರದ ಪ್ರಾಪರ್ಟೀಸ್‌ನಲ್ಲಿ ಎಲೆವೇಶನ್ ಪುಟಕ್ಕೆ ಹೋಗಿ ಅದು ಎತ್ತರದ ಮೇಲ್ಮೈ ಎಂದು ಗುರುತು ಹಾಕಿ. ಆಮೇಲೆ ವ್ಯೂ ಮೆನುವಿನ ಎಲೆವೇಶನ್ ಪ್ರೊಫೈಲ್ ತೆರೆದು ಕುಂಬಳೆಯಿಂದ ಪಡುವಣಕ್ಕೆ ಗೆರೆ ಎಳೆಯಿರಿ. ಮೊದಲು ಉದ್ದಕ್ಕೂ ಚಪ್ಪಟೆ, ಆಮೇಲೆ ಒಮ್ಮೆಗೇ ಇಳಿಜಾರು. ಖಂಡದ ಅಂಚು ಮುಗಿಯುವುದು ಆ ತಿರುವಿನಲ್ಲೇ. ಇದೇ ಅಂಚು ಮುಂಬಯಿಯ ಎದುರು ಬಹಳ ಅಗಲ, ದಕ್ಷಿಣಕ್ಕೆ ಬಂದಂತೆ ಕಿರಿದು.

ಟಿಐಡಿ: ಪ್ರತಿ ಚೌಕದ ಜಾತಕ

ಟಿಐಡಿ ಪದರಕ್ಕೆ ಪ್ಯಾಲೆಟೆಡ್ ಶೈಲಿ ಕೊಟ್ಟು ಕ್ಲಾಸಿಫೈ ಒತ್ತಿ. ಬರುವ ಸಂಖ್ಯೆಗಳ ಅರ್ಥ ಹೀಗೆ. 0 ನೆಲ. ಹತ್ತರ ಸಾಲು ನಿಜಕ್ಕೂ ಅಳೆದದ್ದು: 10 ಏಕಕಿರಣ ಸೋನಾರ್, 11 ಬಹುಕಿರಣ, 12 ಭೂಕಂಪನ ವಿಧಾನ, 13 ಬಿಡಿ ಆಳ, 14 ಎಲೆಕ್ಟ್ರಾನಿಕ್ ಚಾರ್ಟಿನಿಂದ (ಹಡಗು ನಡೆಸಲು ಬಳಸುವ ಕಡಲ ನಕ್ಷೆ) ತೆಗೆದ ಆಳ, 15 ಲೈಡಾರ್ (ಲೇಸರ್ ಬೆಳಕಿನಿಂದ ಅಳೆದದ್ದು), 17 ಹಲವು ವಿಧಾನ ಸೇರಿದ್ದು. ನಲವತ್ತರ ಸಾಲು ಪರೋಕ್ಷ: 40 ಉಪಗ್ರಹದ ಗುರುತ್ವ ಲೆಕ್ಕದಿಂದ ಊಹಿಸಿದ್ದು, 41 ಗಣಕ ಸೂತ್ರ ಅಕ್ಕಪಕ್ಕ ನೋಡಿ ತುಂಬಿದ್ದು, 42 ಚಾರ್ಟಿನ ಗೆರೆಯಿಂದ, 43 ಎಲೆಕ್ಟ್ರಾನಿಕ್ ಚಾರ್ಟಿನ ಗೆರೆಯಿಂದ. 70 ಮೊದಲೇ ಬೇರೆಯವರು ತಯಾರಿಸಿದ ಗ್ರಿಡ್, 71 ಮೂಲ ಗೊತ್ತಿಲ್ಲದ್ದು.

ಹತ್ತರ ಸಾಲಿಗೆಲ್ಲ ಗಾಢ ನೀಲಿ, ನಲವತ್ತರ ಸಾಲಿಗೆ ತಿಳಿ ಹಳದಿ, ಎಪ್ಪತ್ತರದಕ್ಕೆ ಬೂದು ಕೊಡಿ. ಕಣ್ಣಿಗೆ ಕಂಡದ್ದನ್ನು ಲೆಕ್ಕಕ್ಕೂ ಇಳಿಸಿ: ಪ್ರೊಸೆಸಿಂಗ್ ಪೆಟ್ಟಿಗೆಯಲ್ಲಿ ರಾಸ್ಟರ್ ಲೇಯರ್ ಯೂನಿಕ್ ವ್ಯಾಲ್ಯೂಸ್ ರಿಪೋರ್ಟ್ ಎಂಬುದನ್ನು ಓಡಿಸಿದರೆ ಯಾವ ಸಂಖ್ಯೆಗೆ ಎಷ್ಟು ಚೌಕ ಎಂದು ಸಿಗುತ್ತದೆ. 0 ಬಿಟ್ಟು ಉಳಿದವನ್ನು ಕೂಡಿ, ಹತ್ತರ ಸಾಲಿನ ಮೊತ್ತವನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸಿ. ನಮ್ಮ ಕಡಲಿನಲ್ಲಿ ಅಳೆದ ಪಾಲು ಅದು. 200 ಮೀಟರಿಗಿಂತ ಕಡಿಮೆ ಆಳದ್ದನ್ನು ಬೇರೆ, ಹೆಚ್ಚಿನದನ್ನು ಬೇರೆ ಲೆಕ್ಕ ಹಾಕಿದರೆ ಚಿತ್ರ ಇನ್ನೂ ಸ್ಪಷ್ಟ. ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆಗೆ ಸಮಯ ಇದ್ದರೆ ಇದಕ್ಕೇ ಕೊಡಿ.

40 ಎಂಬ ಸಂಖ್ಯೆಯ ಹಿಂದಿನ ವಿಜ್ಞಾನ ಸೊಗಸಾದದ್ದು. ಕಡಲೊಳಗಿನ ಬೆಟ್ಟ ತನ್ನ ಸುತ್ತಲಿನ ನೀರನ್ನು ತನ್ನೆಡೆಗೆ ಸೆಳೆಯುತ್ತದೆ. 2000 ಮೀಟರ್ ಎತ್ತರದ ಮುಳುಗಿದ ಜ್ವಾಲಾಮುಖಿಯ ಮೇಲೆ ಕಡಲ ಮೈ ಸುಮಾರು ಎರಡು ಮೀಟರ್ ಉಬ್ಬಿರುತ್ತದೆ. ಉಪಗ್ರಹದ ರಾಡಾರ್ ಆ ಉಬ್ಬನ್ನು ಅಳೆದು ಕೆಳಗೆ ಬೆಟ್ಟವಿದೆ ಎನ್ನುತ್ತದೆ. ಲಕ್ಷದ್ವೀಪದ ಕಡೆಯ ಕಡಿದಾದ ಏರುಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ನಮ್ಮ ಕರೆಯ ಹತ್ತಿರದ ಕಡಲಿಗೆ ಒಗ್ಗುವುದಿಲ್ಲ, ಯಾಕೆಂದರೆ ಅಲ್ಲಿ ನದಿಗಳು ತಂದು ಸುರಿದ ಕೆಸರು ಗಟ್ಟಿ ಬಂಡೆಯನ್ನು ಮುಚ್ಚಿದೆ. ಗುರುತ್ವಕ್ಕೆ ಕಾಣುವುದು ಕೆಸರಿನಡಿಯ ಬಂಡೆ, ದೋಣಿಗೆ ತಾಗುವುದು ಕೆಸರಿನ ಮೈ. ಹೀಗಾಗಿ ಕರೆಯ ಹತ್ತಿರದ ಚೌಕಗಳಿಗೆ ಚಾರ್ಟು ಮತ್ತು ನಡುವೆ ತುಂಬುವ ಸೂತ್ರಗಳೇ ಆಧಾರವಾಗುತ್ತವೆ.

ನಂಬಬಾರದ ಆಕೃತಿಗಳು

ಟಿಐಡಿ ಪದರವನ್ನು ಅರೆಪಾರದರ್ಶಕ ಮಾಡಿ ನೆರಳಿನ ಮೇಲೆ ಇಟ್ಟರೆ ಅನೇಕ ಅದ್ಭುತಗಳು ಕರಗುತ್ತವೆ. ಆಳದ ಕಡಲಲ್ಲಿ ಸ್ಕೇಲ್ ಹಿಡಿದು ಎಳೆದಂತೆ ನೇರವಾದ ಕಾಲುವೆ ಅಥವಾ ದಿಬ್ಬ ಕಂಡರೆ, ಅಲ್ಲಿ ಟಿಐಡಿಯಲ್ಲಿ 10 ಅಥವಾ 11ರ ಒಂದು ಗೆರೆ ಇದೆಯೇ ನೋಡಿ. ಇದ್ದರೆ ಅದು ಹಡಗು ಹೋದ ದಾರಿ. ಹಡಗು ಅಳೆದ ಆಳಕ್ಕೂ ಅಕ್ಕಪಕ್ಕ ಊಹಿಸಿದ ಆಳಕ್ಕೂ ಹೊಂದಾಣಿಕೆ ಆಗದೆ ಅಲ್ಲಿ ಅಂಚು ಎದ್ದಿದೆ. ಒಂಟಿ ಚೌಕದ ಸುತ್ತ ಬಳೆ ಬಳೆಯಾಗಿ ಸಮಾಳ ಗೆರೆ ಬಂದರೆ ಅದು ಬಿಡಿ ಆಳ, ಬಹಳ ಸಲ ಹಳೆಯದು, ಕೆಲವೊಮ್ಮೆ ತಪ್ಪು. ಮೆಟ್ಟಿಲಿನ ಮಾತು ಆಗಲೇ ಬಂದಿದೆ.

ಅಳಿವೆಗಳನ್ನಂತೂ ಈ ನಕ್ಷೆಯಲ್ಲಿ ಹುಡುಕಲೇಬೇಡಿ. ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳ ಬಾಯಿಯಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. 450 ಮೀಟರಿನ ಒಂದು ಚೌಕದೊಳಗೆ ಇಡೀ ಅಳಿವೆ ಅಡಗಿಹೋಗುತ್ತದೆ. ಗೆಬ್ಕೊ ಗ್ರಿಡ್ ದೋಣಿ ನಡೆಸಲು ಅಲ್ಲವೆಂದು ಅದರ ದಾಖಲೆಯಲ್ಲೇ ಬರೆದಿದೆ. ದೋಣಿ ನಡೆಸಲು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯ ಚಾರ್ಟ್, ಅಳಿವೆ ದಾಟಲು ಆ ಊರಿನ ತಂಡೇಲನ (ದೋಣಿಯ ಮುಖ್ಯಸ್ಥನ) ಕಣ್ಣು. ನಿಮ್ಮ ನಕ್ಷೆಯ ಮೇಲೂ ಈ ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ದೋಣಿಯ ಸೌಂಡರಿನೊಂದಿಗೆ ತಾಳೆ ನೋಡುವುದು

ನಕ್ಷೆ ಸರಿಯೇ ಎಂದು ಒರೆಗೆ ಹಚ್ಚಲು ನಮ್ಮ ಬಂದರುಗಳಲ್ಲೇ ಸಾಧನವಿದೆ. ಮೀನು ಹುಡುಕಲು ಇಟ್ಟುಕೊಂಡ ಎಕೋ ಸೌಂಡರ್ ತಳದ ಆಳವನ್ನೂ ತೋರಿಸುತ್ತದೆ. ಒಂದು ಪುಸ್ತಕದಲ್ಲಿ ನಾಲ್ಕು ಕಲಂ ಸಾಕು: ಗಂಟೆ-ನಿಮಿಷ, ಅಕ್ಷಾಂಶ, ರೇಖಾಂಶ, ಆಳ. ಹತ್ತು ನಿಮಿಷಕ್ಕೊಂದು ಸಾಲು. ಬಲೆ ಎಳೆಯುವಾಗ ಬೇಡ, ಹೋಗಿಬರುವ ದಾರಿಯಲ್ಲಿ ಬರೆದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಅಕ್ಷಾಂಶ ಬರೆಯುವಲ್ಲಿ. ಜಿಪಿಎಸ್ ಪರದೆಯಲ್ಲಿ 12 ಡಿಗ್ರಿ 31.450 ನಿಮಿಷ ಎಂದಿದ್ದರೆ ಅದು 12.3145 ಅಲ್ಲ. 31.450ನ್ನು 60ರಿಂದ ಭಾಗಿಸಬೇಕು: 0.52417. ಆದ್ದರಿಂದ 12.52417. ತಪ್ಪಾಗಿ ಬರೆದರೆ ಬಿಂದು 23 ಕಿಲೋಮೀಟರ್ ದಕ್ಷಿಣಕ್ಕೆ ಹಾರುತ್ತದೆ, ಕಾಸರಗೋಡಿನ ಎದುರಿನ ಆಳ ಹೊಸದುರ್ಗದ ಎದುರು ಹೋಗಿ ಕೂರುತ್ತದೆ. ಕ್ಯೂಜಿಐಎಸ್‌ಗೆ ಹಾಕಿದ ಬಿಂದುಗಳು ಸಾಲಾಗಿ ಬಾರದೆ ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ಇದನ್ನೇ ಶಂಕಿಸಿ.

ಪರದೆಯ ಆಳಕ್ಕೆ ಮೂರು ತಿದ್ದುಪಡಿ ಬೇಕು. ಪರದೆ 24.6 ಮೀಟರ್ ತೋರಿಸಿತು ಎನ್ನೋಣ. ಯಂತ್ರ ಶಬ್ದದ ವೇಗವನ್ನು ಸೆಕೆಂಡಿಗೆ 1500 ಮೀಟರ್ ಎಂದು ಎಣಿಸುತ್ತಿದ್ದರೆ, 28 ಡಿಗ್ರಿ ಬೆಚ್ಚಗಿನ ನಮ್ಮ ಉಪ್ಪುನೀರಿನಲ್ಲಿ ಅದು 1540ರ ಆಸುಪಾಸು. 24.6ನ್ನು 1540ರಿಂದ ಗುಣಿಸಿ 1500ರಿಂದ ಭಾಗಿಸಿದರೆ 25.26. ಸೌಂಡರಿನ ತಲೆ ನೀರಿನ ಮಟ್ಟದಿಂದ 0.8 ಮೀಟರ್ ಕೆಳಗಿದ್ದರೆ ಅದನ್ನು ಕೂಡಿ: 26.06. ಆ ಹೊತ್ತಿನ ಉಬ್ಬರ ಚಾರ್ಟಿನ ಸೊನ್ನೆಮಟ್ಟಕ್ಕಿಂತ (ಚಾರ್ಟಿನ ಆಳಗಳನ್ನು ಎಣಿಸಲು ಶುರುಮಾಡುವ ನೀರಿನ ಮಟ್ಟ) 1.3 ಮೀಟರ್ ಮೇಲಿದ್ದರೆ ಅದನ್ನು ಕಳೆಯಿರಿ: 24.76. ಉಬ್ಬರಕ್ಕೆ ಹತ್ತಿರದ ನವಮಂಗಳೂರು ಬಂದರಿನ ಕೋಷ್ಟಕ ನೋಡಬಹುದು. ಈ ಸಂಖ್ಯೆ ಚಾರ್ಟಿನೊಂದಿಗೆ ಹೋಲಿಸಲು. ಗೆಬ್ಕೊ ತನ್ನ ಆಳವನ್ನು ಸರಾಸರಿ ಕಡಲಮಟ್ಟಕ್ಕೆ ಹಿಡಿಯುವುದರಿಂದ ಅದರೊಂದಿಗೆ ಹೋಲಿಸುವಾಗ ಒಂದು ಮೀಟರಿನಷ್ಟು ವ್ಯತ್ಯಾಸವನ್ನು ತಪ್ಪೆಂದು ಎಣಿಸಬೇಡಿ.

ಸೌಂಡರಿನಲ್ಲಿ ಯಂತ್ರದ ತಲೆಯಿಂದ ಆಳ, ನೀರಿನ ಮಟ್ಟದಿಂದ ಆಳ ಎಂಬ ಎರಡು ಸೆಟ್ಟಿಂಗ್ ಇರಬಹುದು. 0.8ನ್ನು ಯಂತ್ರವೇ ಕೂಡಿಸಿದ್ದರೆ ನೀವು ಮತ್ತೆ ಕೂಡಿಸಬೇಡಿ. ಆವರ್ತನವನ್ನೂ ಬರೆದಿಡಿ. ಮೆತ್ತನೆಯ ಕೆಸರಿನ ಮೇಲೆ 200 ಕಿಲೋಹರ್ಟ್ಸ್‌ನ ಶಬ್ದ ಕೆಸರಿನ ಮೈಯಿಂದಲೇ ಮರಳುತ್ತದೆ. 50 ಕಿಲೋಹರ್ಟ್ಸ್ ಒಳಗೆ ಇಳಿದು ಗಟ್ಟಿ ಪದರದಿಂದ ಮರಳಬಹುದು. ಒಂದೇ ಜಾಗದಲ್ಲಿ ಎರಡು ದೋಣಿಗಳ ಆಳ ಬೇರೆಯಾದರೆ ಯಾವುದೋ ಒಂದು ಸುಳ್ಳೆಂದು ಜಗಳಕ್ಕೆ ಇಳಿಯುವ ಮೊದಲು ಈ ಕಲಂ ನೋಡಿ. ಇನ್ನು ಶಬ್ದದ ಕೋನ 20 ಡಿಗ್ರಿಯದಾಗಿದ್ದರೆ 30 ಮೀಟರ್ ಆಳದಲ್ಲಿ ಅದು ಹತ್ತು ಮೀಟರಿಗೂ ಅಗಲದ ವೃತ್ತವನ್ನು ಒಟ್ಟಾಗಿ ನೋಡುತ್ತದೆ. ಆ ವೃತ್ತದೊಳಗಿನ ಸಣ್ಣ ಗುಂಡಿ ಕಾಣುವುದೇ ಇಲ್ಲ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಮೀನಿನ ವಲಯದ ಸೂಚನೆಯಲ್ಲಿ ದಿಕ್ಕು, ದೂರದ ಜೊತೆಗೆ ಆಳವೂ ಇರುತ್ತದೆ. ಆ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಎರಡು ಆಳಗಳನ್ನು ಹೋಲಿಸುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ.

ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು

ದೋಣಿಗಳು ದಾರಿಯಲ್ಲಿ ಅಳೆದ ಆಳವನ್ನು ಬೋಲ್ಡರಿನ ಕೇಂದ್ರಕ್ಕೆ ಕಳಿಸುವ ಏರ್ಪಾಡು ಲೋಕದಲ್ಲಿದೆ, ಅದಕ್ಕೆ ಜಲಮಾಪನ ಸಂಸ್ಥೆಯ ಬಿ-12 ಎಂಬ ಮಾರ್ಗದರ್ಶಿಯೂ ಇದೆ. ನಮ್ಮ ಕರೆಯ ಆಳವನ್ನು ಹಾಗೆ ನೇರವಾಗಿ ಕಳಿಸಬೇಡಿ. ಕರೆಯಿಂದ 12 ನಾಟಿಕಲ್ ಮೈಲು, ಎಂದರೆ 22 ಕಿಲೋಮೀಟರಿನಷ್ಟು, ಭಾರತದ ಪ್ರಾದೇಶಿಕ ಕಡಲು. 2021ರ ಫೆಬ್ರವರಿಯ ಭೂದತ್ತಾಂಶ ಮಾರ್ಗಸೂಚಿ ಇಲ್ಲಿನ ಆಳದ ಅಳತೆಯ ನಿಖರತೆಗೆ ಮಿತಿ ಹಾಕಿದೆ: ಕರೆಯಿಂದ 500 ಮೀಟರಿನವರೆಗೆ 10 ಮೀಟರ್, ಅದರಾಚೆ 100 ಮೀಟರ್. ಇದಕ್ಕಿಂತ ಸೂಕ್ಷ್ಮವಾದ ದತ್ತಾಂಶ ಭಾರತದೊಳಗೇ ಇರಬೇಕು, ಅದರ ಲೆಕ್ಕಾಚಾರವೂ ಇಲ್ಲೇ ನಡೆಯಬೇಕು. ಯಾವ ಸಾಮಾನ್ಯ ಸೌಂಡರ್ ಆದರೂ ಇದಕ್ಕಿಂತ ಸೂಕ್ಷ್ಮ. ಆದ್ದರಿಂದ ವಿದೇಶದ ಸರ್ವರಿನಲ್ಲಿ ಕೂರುವ ಮೀನುಗಾರಿಕೆ ಆ್ಯಪ್‌ಗಳಲ್ಲಿ ಆಳ ಹಂಚುವ ಗುಂಡಿಯನ್ನು ಆಫ್ ಮಾಡಿಡಿ. ಪುಸ್ತಕದ ಲೆಕ್ಕವನ್ನು ಕೊಡುವ ಮನಸ್ಸಿದ್ದರೆ ಮೊದಲು ರಾಷ್ಟ್ರೀಯ ಜಲಮಾಪನ ಕಚೇರಿಗೆ ಬರೆದು ಕೇಳಿ.

12ರಿಂದ 200 ಮೈಲಿನವರೆಗಿನ ಕಡಲಲ್ಲಿ ವಿದೇಶಿ ಸಂಶೋಧನಾ ಹಡಗು ಕೆಲಸ ಮಾಡಬೇಕಾದರೆ 1982ರ ಕಡಲ ಒಪ್ಪಂದದ ಪ್ರಕಾರ ಕರಾವಳಿ ರಾಷ್ಟ್ರದ ಒಪ್ಪಿಗೆ ಬೇಕು, ವಿವರವನ್ನು ಆರು ತಿಂಗಳು ಮೊದಲೇ ಕೊಡಬೇಕು. ಹಂಚಿಕೊಳ್ಳುವ ಪರಂಪರೆಯೂ ಹೊಸದಲ್ಲ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಲ್ಲಿ ಹಲವು ದೇಶಗಳ ಹಡಗುಗಳು ಸೇರಿದ್ದವು. ಅದರ ಬೆನ್ನಿಗೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ನೆಲೆ ಗೋವಾ. ಎರಡನೇ ಯಾತ್ರೆಗೆ ಚಾಲನೆ ಸಿಕ್ಕಿದ್ದೂ 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲೇ.

ಈ ಕೆಲಸಕ್ಕೆ ಒಳ್ಳೆಯ ಕಾಲ ಕೇರಳದ ಟ್ರಾಲಿಂಗ್ ನಿಷೇಧದ 52 ದಿನ. ಆಗ ದೋಣಿಯವರೂ ಊರಲ್ಲಿರುತ್ತಾರೆ, ಶಾಲೆಯೂ ತೆರೆದಿರುತ್ತದೆ. ನಕ್ಷೆಯನ್ನು ಎ3 ಹಾಳೆಯಲ್ಲಿ ಜೋಡಿಯಾಗಿ ಮುದ್ರಿಸಿ: ಎಡಕ್ಕೆ ಆಳ, ಬಲಕ್ಕೆ ಅದೇ ಅಳತೆಯಲ್ಲಿ ಟಿಐಡಿ. ಕೆಳಗೆ ಗೆಬ್ಕೊ ಆವೃತ್ತಿಯ ವರ್ಷ, ಚೌಕದ ಅಳತೆ, ಅಳೆದ ಚೌಕಗಳ ಶೇಕಡಾ ಪಾಲು, ದೋಣಿ ನಡೆಸಲು ಬಳಸಬಾರದೆಂಬ ಸಾಲು. ಹಾಳೆಯನ್ನು ಬಂದರಿಗೆ ಒಯ್ದು ಮೇಜಿನ ಮೇಲೆ ಹಾಸಿ, ಹಳದಿ ಚೌಕಗಳ ಮೇಲೆ ಬರೆಯಲು ಒಂದು ಪೆನ್ಸಿಲ್ ಇಡಿ. ಅಲ್ಲಿ ಕಲ್ಲಿದೆ, ಇಲ್ಲಿ ಬಲೆ ಹರಿಯುತ್ತದೆ ಎಂದು ದೋಣಿಯವರು ಹಾಕುವ ಗುರುತನ್ನು ಬೇರೆ ಪದರವಾಗಿ, ಹೇಳಿದ ದಿನಾಂಕದೊಂದಿಗೆ ನಮೂದಿಸಿ. ಗೆಬ್ಕೊ ಸಂಖ್ಯೆಗಳೊಂದಿಗೆ ಅದನ್ನು ಬೆರೆಸಬೇಡಿ.